ಕೇಳಿ ಓದುವವರಿಗೆ ಪಠ್ಯಪುಸ್ತಕ: ಕುಮಟಾದ ಲೈಬ್ರರಿಯಲ್ಲಿ ನನ್ನ ಅನುಭವ

ಆ ಹುಡುಗ ಪುಸ್ತಕ ತೆಗೆದುಕೊಂಡು ಹೋದರೆ ಮೂರೇ ದಿನಕ್ಕೆ ವಾಪಸ್ ತರುತ್ತಿದ್ದ. ನಾನು ಕುಮಟಾದ ಒಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರರಿಯನ್. ಪುಸ್ತಕ ಬೇಗ ಬಂದರೆ ನಮಗೆ ಅನುಕೂಲ, ಬೇರೆಯವರು ಕಾಯುತ್ತಿರುತ್ತಾರೆ. ಹಾಗಾಗಿ ಎರಡು ಸೆಮಿಸ್ಟರ್ ನಾನು ಏನೂ ಕೇಳಲಿಲ್ಲ. ಕೇಳಬೇಕಿತ್ತು.

ಕೊನೆಗೊಂದು ದಿನ ಕೇಳಿದಾಗ ಅವನು ಹೇಳಿದ್ದು ಇಷ್ಟು: "ಓದೂಕೆ ಕುಂತ್ರೆ ಸಾಲು ತಪ್ತದೆ ಮೇಡಂ. ಒಂದು ಪುಟಕ್ಕೆ ಅರ್ಧ ತಾಸು ಹೋಗ್ತದೆ. ಕ್ಲಾಸಲ್ಲಿ ಕೇಳಿದ್ದು ಮಾತ್ರ ತಲೇಲಿ ಉಳೀತದೆ." ಹಾಗಾದ್ರೆ ನಿನ್ನೆಯ ಇತಿಹಾಸದ ಪಾಠ ಹೇಳು ಅಂದೆ. ನಿಂತಲ್ಲೇ ಹತ್ತು ನಿಮಿಷ, ಒಂದು ಹೆಸರೂ ತಪ್ಪದೆ ಹೇಳಿದ. ಇಂಥ ಹುಡುಗನನ್ನು ಶಾಲೆಯಿಂದಲೂ ದಡ್ಡ ಅಂತಲೇ ಕರೆದುಕೊಂಡು ಬಂದಿದ್ದರು. ಅವನಿಗಿದ್ದದ್ದು ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಅಕ್ಷರ ಓದುವುದು ಕಷ್ಟವಾಗುವ ತೊಂದರೆ. ಅವನ ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಆ ಶಬ್ದ ಅವರು ಮೊದಲ ಸಲ ಕೇಳಿದ್ದು ನಮ್ಮ ಲೈಬ್ರರಿಯಲ್ಲಿ.

ಅದೇ ವರ್ಷ ಶಿರಸಿ ಕಡೆಯ ಒಬ್ಬ ಹುಡುಗಿ ಬಂದಳು. ಅವಳಿಗೆ ದೃಷ್ಟಿ ತುಂಬಾ ಕಡಿಮೆ. ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದಳು, ಸಂಜೆಯ ಹೊತ್ತಿಗೆ ತಲೆನೋವು. ಇಬ್ಬರಿಗೂ ಬೇಕಾದದ್ದು ಒಂದೇ, ಕೇಳಿಸುವ ಪುಸ್ತಕ ಅಂತ ನಾನು ತಿಳಿದುಕೊಂಡೆ. ಅದು ಅರ್ಧ ಸತ್ಯ ಅಂತ ಆಮೇಲೆ ಗೊತ್ತಾಯಿತು.

ಮೊದಲು ಇರುವ ಕಡೆ ಹುಡುಕಿದೆವು. 2016ರ ಆಗಸ್ಟ್‌ನಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅಂತ ಒಂದು ಆನ್‌ಲೈನ್ ಲೈಬ್ರರಿ ಇದೆ. ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆ ಮತ್ತು ಇಂಥವರಿಗೆ ಪುಸ್ತಕ ಮಾಡಿಕೊಡುವ ಸಂಸ್ಥೆಗಳ ಒಕ್ಕೂಟವಾದ ಡೈಸಿ ಫೋರಂ ಆಫ್ ಇಂಡಿಯಾ ಸೇರಿ ಮಾಡಿದ್ದು. ಬುಕ್‌ಶೇರ್ ಅಂತ ಇನ್ನೊಂದಿದೆ. ಎರಡೂ ಕಡೆ ಕುರುಡರಿಗೆ ಮಾತ್ರವಲ್ಲ, ಡಿಸ್ಲೆಕ್ಸಿಯಾ ಇರುವವರಿಗೂ, ಪುಸ್ತಕ ಹಿಡಿಯಲು ಕೈ ಬಾರದವರಿಗೂ ಸದಸ್ಯತ್ವ ಸಿಗುತ್ತದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಡಿಯೋ ಪುಸ್ತಕ ಕಣ್ಣಿಲ್ಲದವರಿಗೆ ಮಾತ್ರ ಅಂತ ನಮ್ಮ ಸ್ಟಾಫ್‌ರೂಮಿನಲ್ಲೇ ಬಹಳ ಜನ ಅಂದುಕೊಂಡಿದ್ದರು. ಸದಸ್ಯತ್ವಕ್ಕೆ ತೊಂದರೆ ಏನು ಅಂತ ತೋರಿಸುವ ದಾಖಲೆ ಬೇಕು. ಹುಡುಗಿಯ ಹತ್ತಿರ ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ ಇತ್ತು. ಹುಡುಗನ ಹತ್ತಿರ ಏನೂ ಇರಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಯೂ ಒಂದು. ಆದರೆ ಪ್ರಮಾಣಪತ್ರಕ್ಕೆ ಪರೀಕ್ಷೆ, ಓಡಾಟ, ಕಾಯುವುದು ಎಲ್ಲ ಇದೆ. ಅವನಿಗೆ ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಅದಕ್ಕೇ ನಾವು ಕಾಗದಕ್ಕೆ ಕಾಯಲಿಲ್ಲ. ಅರ್ಜಿ ಒಂದು ಕಡೆ ನಡೆಯಲಿ, ಪುಸ್ತಕ ಇನ್ನೊಂದು ಕಡೆ ಶುರುವಾಗಲಿ ಅಂತ ನಿಶ್ಚಯ ಮಾಡಿದೆವು. ಈಗಲೂ ನಮ್ಮ ಪದ್ಧತಿ ಅದೇ.

ಆ ಲೈಬ್ರರಿಗಳಲ್ಲಿ ಇಂಗ್ಲಿಷ್ ಪುಸ್ತಕಗಳು ಜಾಸ್ತಿ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಬಿಎ ಸಿಲೆಬಸ್ಸಿಗೆ ಹೊಂದುವ ಕನ್ನಡ ಪಠ್ಯ ಹುಡುಕಿದರೆ ನಮಗೆ ಒಂದೂ ಸಿಗಲಿಲ್ಲ. ನಾವೇ ಮಾಡಿಕೊಳ್ಳಬೇಕು ಅಂತಾಯಿತು.

ಒಬ್ಬ ಪ್ರಕಾಶಕರಿಗೆ ಸಾಫ್ಟ್ ಕಾಪಿ ಕೊಡಿ ಅಂತ ಪತ್ರ ಬರೆದೆ. ಎರಡು ಸಲ ಬರೆದರೂ ಉತ್ತರವಿಲ್ಲ. ಪುಸ್ತಕ ಬರೆದ ಪ್ರಾಧ್ಯಾಪಕರಿಗೇ ನೇರವಾಗಿ ಫೋನ್ ಮಾಡಿದೆ, ಅದೇ ಸಂಜೆ ಫೈಲ್ ಕಳಿಸಿದರು. ಲೇಖಕರನ್ನೇ ಕೇಳಿ ಅಂತ ಎಲ್ಲರಿಗೂ ಹೇಳುವುದು ಅದಕ್ಕೇ. ತಮ್ಮ ಪುಸ್ತಕ ಒಬ್ಬ ವಿದ್ಯಾರ್ಥಿಗೆ ಓದಲಾಗುತ್ತಿಲ್ಲ ಅಂತ ತಿಳಿದರೆ ಅವರು ಸುಮ್ನೆ ಕೂರುವುದಿಲ್ಲ.

ಫೈಲ್ ಬಂತು, ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ಮೊಬೈಲಿನ ಟಾಕ್‌ಬ್ಯಾಕ್‌ಗೆ ಕೊಟ್ಟೆವು. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಓದತೊಡಗಿತು. ಕಾರಣ ಹಳೆಯ ನುಡಿ ಫಾಂಟ್. ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಓದುವ ಸಾಫ್ಟ್‌ವೇರ್‌ಗೆ ಯೂನಿಕೋಡ್ ಬೇಕು, ಅದರಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುತ್ತದೆ. ಬದಲಾಯಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಾಯಿಸಿದ ಮೇಲೆ ಒಬ್ಬರು ಕೂತು ತಿದ್ದಲೇಬೇಕು, ಅರ್ಕಾವೊತ್ತು, ಒತ್ತಕ್ಷರಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ. ಫೈಲೇ ಸಿಗದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯವಾಗಿ ಬರುತ್ತದೆ. ಅಲ್ಲೂ 'ಪ' ಇದ್ದದ್ದು 'ಷ' ಆಗಬಹುದು, 'ಘ' ಇದ್ದದ್ದು 'ಫ' ಆಗಬಹುದು. ಪುಟವನ್ನು ಬೆನ್ನು ಮುರಿಯುವಷ್ಟು ಬಿಡಿಸಿ ಸಪಾಟಾಗಿ ಸ್ಕ್ಯಾನ್ ಮಾಡಿದರೆ ತಪ್ಪು ಬಹಳ ಕಡಿಮೆ. ಅದಕ್ಕಾಗಿ ಒಂದು ಪ್ರತಿಯನ್ನು ಹೊಲಿಗೆ ಬಿಚ್ಚಿಯೇ ಇಟ್ಟಿದ್ದೇವೆ.

ಹುಡುಗಿಗೆ ಇಷ್ಟು ಸಾಕಾಯಿತು. ಯಂತ್ರದ ದನಿಯನ್ನು ಅವಳು ಎರಡು ಪಟ್ಟು ವೇಗದಲ್ಲಿ ಕೇಳುತ್ತಾಳೆ. ನನಗೆ ಒಂದು ಪದವೂ ಹಿಡಿಯಲಾಗಲಿಲ್ಲ, ಅವಳು ಆರಾಮಾಗಿ ನೋಟ್ಸ್ ಮಾಡುತ್ತಿದ್ದಳು. ಹುಡುಗನಿಗೆ ಮಾತ್ರ ಯಂತ್ರದ ದನಿ ಆಗಲೇ ಇಲ್ಲ. "ಎಲ್ಲ ಒಂದೇ ರಾಗ ಮೇಡಂ, ವಾಕ್ಯ ಎಲ್ಲಿ ಮುಗೀತು ಗೊತ್ತಾಗೂದಿಲ್ಲ" ಅಂದ. ಅವನಿಗೆ ಮನುಷ್ಯರ ದನಿ ಬೇಕು, ಮುಂದೆ ಪುಸ್ತಕವೂ ತೆರೆದಿರಬೇಕು. ಕೇಳುತ್ತ ಸಾಲಿನ ಮೇಲೆ ಬೆರಳಾಡಿಸುತ್ತಾನೆ. ಹಾಗಾಗಿ ಈಗ ಯಾರೇ ಬಂದರೂ ಮೊದಲು ಎರಡು ಪುಟವನ್ನು ಎರಡೂ ಬಗೆಯಲ್ಲಿ ಕೇಳಿಸಿ, ಯಾವುದು ಬೇಕು ಅಂತ ಅವರನ್ನೇ ಕೇಳುತ್ತೇನೆ.

ರೆಕಾರ್ಡಿಂಗ್ ಕೆಲಸ ನಾವು ಶುರುಮಾಡಿದ್ದು ಜುಲೈನಲ್ಲಿ. ಕರಾವಳಿಯ ಜುಲೈ ಅಂದರೆ ಗೊತ್ತಲ್ಲ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಮೊದಲ ವಾರದ ಅಷ್ಟೂ ಫೈಲ್ ಹಾಳಾದವು. ಆಮೇಲೆ ಜಾಗ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ನಮ್ಮ ಲೈಬ್ರರಿಯ ಒಳಗಿನ ಕಪಾಟುಗಳ ಸಂದಿ. ಎರಡೂ ಕಡೆ ಪುಸ್ತಕಗಳು ತುಂಬಿದ್ದರೆ ದನಿ ಗುಂಯ್‌ಗುಡುವುದಿಲ್ಲ. ಮೇಲೆ ಕಾಂಕ್ರೀಟ್, ಮಳೆಯ ಸದ್ದೂ ಕಡಿಮೆ. ಫ್ಯಾನ್ ಆಫ್ ಮಾಡಲೇಬೇಕು, ಬೆವರು ಸುರಿಯುತ್ತದೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಕೂರಿಸುವುದಿಲ್ಲ.

ಓದಲು ನಿವೃತ್ತ ಮೇಷ್ಟ್ರೊಬ್ಬರು, ಇಬ್ಬರು ಉಪನ್ಯಾಸಕಿಯರು, ಐದಾರು ವಿದ್ಯಾರ್ಥಿಗಳು ಸಿಕ್ಕಿದರು. ನಾಟಕದ ದನಿಯಲ್ಲಿ ಓದುವವರಿಗಿಂತ ಮನೆಯಲ್ಲಿ ಪೇಪರ್ ಓದಿದಂತೆ ಓದುವವರೇ ವಾಸಿ. ಪ್ರತಿ ಪುಟ ಶುರುವಾಗುವಾಗ "ಪುಟ 42" ಅಂತ ಹೇಳಬೇಕು. ಇಲ್ಲದಿದ್ದರೆ ಕ್ಲಾಸಿನಲ್ಲಿ ಸರ್ 42ನೇ ಪುಟ ತೆಗೆಯಿರಿ ಅಂದಾಗ ಕೇಳುವವನು ಏನು ಮಾಡಬೇಕು? ಕೋಷ್ಟಕ ಬಂದರೆ ಮೊದಲು ಎಷ್ಟು ಕಂಬಸಾಲು, ಅವುಗಳ ತಲೆಬರಹ ಏನು ಅಂತ ಹೇಳಿ ಆಮೇಲೆ ಅಡ್ಡಸಾಲಿನ ಪ್ರಕಾರ ಓದುವುದು. ಹಳಗನ್ನಡ ಪದ್ಯವನ್ನು ಎರಡು ಸಲ: ಒಮ್ಮೆ ಪದ್ಯವಾಗಿ, ಇನ್ನೊಮ್ಮೆ ಪದ ಬಿಡಿಸಿ. ಪದ್ಯವನ್ನು ಯಂತ್ರಕ್ಕೆ ಬಿಡುವುದು ಬೇಡವೇ ಬೇಡ. ಹುಡುಗಿಯೂ ಪದ್ಯಕ್ಕೆ ಮೇಷ್ಟ್ರ ದನಿಯನ್ನೇ ಕೇಳಿ ಪಡೆದಳು.

180 ಪುಟದ ಪುಸ್ತಕಕ್ಕೆ ನಮಗೆ ಏಳೂವರೆ ತಾಸಿನ ರೆಕಾರ್ಡಿಂಗ್ ಆಯಿತು. ಮೊನೊ, 64 ಕೆಬಿಪಿಎಸ್ ಎಂಪಿ3 ಮಾಡಿದರೆ ತಾಸಿಗೆ ಸುಮಾರು 29 ಎಂಬಿ, ಯಾವ ಮೊಬೈಲಿಗೂ ಹಿಡಿಸುತ್ತದೆ. ಫೈಲಿನ ಹೆಸರು 001, 002 ಅಂತಲೇ ಶುರುವಾಗಬೇಕು. ಬರೀ 1, 2 ಅಂತ ಕೊಟ್ಟಿದ್ದಕ್ಕೆ ಒಂದರ ನಂತರ ಹತ್ತನೆಯದು ಕೇಳಿಸಿ, ಹುಡುಗ ಒಂದು ಇಡೀ ಸಂಜೆ ಗೊಂದಲಪಟ್ಟಿದ್ದ. ಈಗ ಓಬಿ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಡೈಸಿ ಪುಸ್ತಕವನ್ನೇ ಮಾಡುತ್ತೇವೆ. ಅದರಲ್ಲಿ ಅಧ್ಯಾಯಕ್ಕೆ, ಪುಟಕ್ಕೆ ನೇರವಾಗಿ ಹೋಗಬಹುದು.

ಹಕ್ಕುಸ್ವಾಮ್ಯದ ಭಯ ನಮ್ಮ ಆಡಳಿತ ಮಂಡಳಿಗೂ ಇತ್ತು. 1957ರ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯನ್ನು ಪ್ರಿಂಟ್ ತೆಗೆದು ತೋರಿಸಿದೆ. ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಅವರಿಗೆ ಆಗುವ ರೂಪಕ್ಕೆ ತಂದು ಅವರಿಗೆ ಕೊಡಬಹುದು ಅಂತ 52ನೇ ಸೆಕ್ಷನ್‌ನಲ್ಲೇ ಇದೆ. ಓದಲಾಗದವರಿಗೆ ಇಂಥ ಪುಸ್ತಕ ಸಿಗಲಿ ಅಂತ ದೇಶಗಳು ಮಾಡಿಕೊಂಡ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಆದರೆ ಎಲ್ಲರಿಗೂ ಹಂಚುವಂತಿಲ್ಲ. ರೆಕಾರ್ಡಿಂಗ್‌ಗೆ ಓದಿದ ಒಬ್ಬ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಫೈಲ್‌ಗಳನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದ್ದ. ತೆಗೆಸಿದೆ. ಈಗ ಫೈಲ್‌ಗಳನ್ನು ನಾನೇ ಅವರವರ ಮೆಮೊರಿ ಕಾರ್ಡಿಗೆ ಹಾಕಿ ಕೊಡುತ್ತೇನೆ, ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ.

ನಮಗೆ ಜಾಸ್ತಿ ನೋವು ಕೊಟ್ಟದ್ದು ಸಿಲೆಬಸ್ ಬದಲಾವಣೆ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಭಾಷಾ ಪಠ್ಯಗಳ ರೆಕಾರ್ಡಿಂಗ್ ಎಲ್ಲ ಮೂಲೆಗೆ ಬಿತ್ತು. ಇತಿಹಾಸ, ರಾಜ್ಯಶಾಸ್ತ್ರದ ಮೂಲ ಪುಸ್ತಕಗಳು ಮಾತ್ರ ಉಳಿದವು. ಅದಕ್ಕೇ ಈಗ ಇಡೀ ಪುಸ್ತಕ ಮುಗಿಸುವ ಹಟ ಬಿಟ್ಟಿದ್ದೇವೆ. ಮುಂದಿನ ವಾರ ಕ್ಲಾಸಿನಲ್ಲಿ ಯಾವ ಘಟಕ ಅಂತ ಉಪನ್ಯಾಸಕರನ್ನು ಕೇಳಿ ಅದನ್ನೇ ಮೊದಲು ಓದುತ್ತೇವೆ. ಪರೀಕ್ಷೆಯ ಹಿಂದಿನ ವಾರ ಬಂದ ಪೂರ್ತಿ ಪುಸ್ತಕಕ್ಕಿಂತ, ಪಾಠಕ್ಕೆ ಮೊದಲು ಬಂದ ಹದಿನೈದು ಪುಟ ಹೆಚ್ಚು ಉಪಯೋಗ.

ಪ್ರಮಾಣಪತ್ರ ಬಂದ ಮೇಲೆ ಹುಡುಗನಿಗೆ ಪರೀಕ್ಷೆಯಲ್ಲಿ ತಾಸಿಗೆ 20 ನಿಮಿಷ ಹೆಚ್ಚು ಸಮಯವೂ ಸಿಕ್ಕಿತು. ಈಗ ಅವನು ಕೊನೆಯ ವರ್ಷದಲ್ಲಿದ್ದಾನೆ. ಹೊಸದಾಗಿ ಓದಲು ಬಂದವರ ದನಿಯನ್ನು ಮೊದಲು ಕೇಳುವುದು ಅವನೇ, ಎಲ್ಲಿ ಅವಸರವಾಯಿತು ಅಂತ ಹೇಳುವುದೂ ಅವನೇ. ಈ ಸಲ ಅರ್ಥಶಾಸ್ತ್ರದ ಎರಡು ಘಟಕಗಳನ್ನು ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು ಮುಗಿಸಿದೆವು. ಮೂರನೆಯದರಲ್ಲಿ ಹನ್ನೊಂದು ಕೋಷ್ಟಕಗಳಿವೆ. ಅವುಗಳನ್ನು ಓದುವಾಗ ಪಕ್ಕದಲ್ಲಿ ಕೂರುತ್ತೇನೆ ಅಂತ ಹೇಳಿದ್ದಾನೆ.