ಎರಡು ಸೇರು, ಒಂದು ಬೆರಳು

ಕುಕನೂರಿನ ಹತ್ತಿರದ ನಮ್ಮೂರಲ್ಲಿ ಮಣ್ಣಿನ ಮಾಳಿಗೆ ಮನೆ ಬಿಚ್ಚಿಸುವಾಗ ಹಿತ್ತಾಳೆ ಸಾಮಾನೆಲ್ಲ ಗುಜರಿಯವನಿಗೆ ಹೋಗುವುದಿತ್ತು. ಕಿಲೋ ಲೆಕ್ಕದಲ್ಲಿ ಮಾತೂ ಮುಗಿದಿತ್ತು. ಅದರಲ್ಲಿ ಕಾಳು ಅಳೆಯುವ ಎರಡು ಸೇರು, ಅರ್ಧ ಸೇರಿನ ಒಂದು ಅಚ್ಚೇರು, ಕಾಲು ಸೇರಿನ ಎರಡು ಪಾವು. ದೊಡ್ಡವ್ವ ಎರಡೂ ಸೇರು ಎತ್ತಿ ಬದಿಗಿಟ್ಟಳು. "ಇವನ್ನ ಕೊಡಬ್ಯಾಡ ತಮ್ಮಾ. ಇದು ಕೊಡೂ ಸೇರು, ಇದು ತಗೊಳ್ಳೂ ಸೇರು."

ನೋಡಲು ಎರಡೂ ಒಂದೇ. ಅದೇ ಎತ್ತರ, ಅದೇ ಬಾಯಿ, ಕಂಠದ ಕೆಳಗೆ ಅದೇ ಎರಡು ಗೆರೆ. ಕಸಬರಿಗೆ ಕಡ್ಡಿಯೊಂದನ್ನು ಒಳಗಿಳಿಸಿ ಉಗುರಿನಿಂದ ಗುರುತು ಮಾಡಿಕೊಂಡೆ. ಒಂದರ ತಳ ಇನ್ನೊಂದಕ್ಕಿಂತ ಸುಮಾರು ಒಂದು ಬೆರಳಿನಷ್ಟು ಮೇಲಿತ್ತು. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ನಾನು ಹಳೆ ಅಳತೆಪಾತ್ರೆ ಕೂಡಿಡಲು ಶುರು ಮಾಡಿದ್ದು ಅಲ್ಲಿಂದ. ಮೊದಲ ತಪ್ಪು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು. ಒಂದು ಪಾವಿನ ಮೇಲೆ ಸುತ್ತಿಗೆಯಿಂದ ಹೊಡೆದ ಸಣ್ಣ ಗುರುತುಗಳಿದ್ದವು, ಅವು ಅರ್ಧ ಸವೆದುಹೋದವು. ಈಗ ಒಣ ಬಟ್ಟೆ ಬಿಟ್ಟರೆ ಬೇರೇನೂ ಮುಟ್ಟಿಸುವುದಿಲ್ಲ. ನೀರು ಹಾಕಿ ಅಳೆದದ್ದು ಎರಡನೆಯ ತಪ್ಪು. ಬೆಸುಗೆ ಬಿಟ್ಟ ಕಡೆ ಸೋರಿ ಲೆಕ್ಕ ತಪ್ಪಿತು. ಕೊನೆಗೆ ಬಿಳಿಜೋಳವನ್ನೇ ಹಿಡಿದೆ. ತುಂಬಿ, ನೇರ ಕೋಲಿನಿಂದ ತಲೆ ಗೀರಿ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದೆ. ಪ್ರತಿ ಪಾತ್ರೆಗೆ ಐದು ಸಲ, ಐದರ ಸರಾಸರಿ.

ಕೊಡುವ ಸೇರಿನಲ್ಲಿ 725 ಗ್ರಾಂ ಜೋಳ ಹಿಡಿಯಿತು. ತಗೊಳ್ಳುವ ಸೇರಿನಲ್ಲಿ 845.

ನಮ್ಮ ಮುತ್ತಜ್ಜ ಮುಂಗಾರಿನಲ್ಲಿ ಬಡವರಿಗೆ ಕಾಳು ಕಡ ಕೊಡುತ್ತಿದ್ದ, ಸುಗ್ಗಿಯಲ್ಲಿ ವಸೂಲಿ ಮಾಡುತ್ತಿದ್ದ. ಸೇರಿಗೆ ಸವಾಸೇರು, ಅಂದರೆ ಒಂದಕ್ಕೆ ಒಂದೂಕಾಲು. ಈ ಮಾತನ್ನು ನಾನು ಗಾದೆಯಾಗಿಯೇ ಕೇಳಿದ್ದೆ, ಅದು ಒಂದು ಮನೆಯ ಅಂಗಳದ ಲೆಕ್ಕವೂ ಆಗಿತ್ತೆಂದು ಯೋಚಿಸಿರಲಿಲ್ಲ. ನೂರು ಸೇರು ಒಯ್ದವನಿಗೆ ಸಿಕ್ಕದ್ದು 72.5 ಕಿಲೋ. ತಿರುಗಿ ಕೊಟ್ಟ ನೂರಿಪ್ಪತ್ತೈದು ಸೇರು 105 ಕಿಲೋ ದಾಟುತ್ತದೆ. ಬಾಯಲ್ಲಿ ಹೇಳಿದ್ದು ಕಾಲು ಭಾಗ ಬಡ್ಡಿ, ಕಣದಲ್ಲಿ ಹೋದದ್ದು ಅರ್ಧಕ್ಕೆ ಹತ್ತಿರ. ಈ ಲೆಕ್ಕ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕಾಳು ಉಂಡೇ ನಮ್ಮ ಮನೆತನ ಬೆಳೆದದ್ದು.

ಪಾತ್ರೆಯಷ್ಟೇ ಅಲ್ಲ, ಅಳೆಯುವ ಕೈಯೂ ಲೆಕ್ಕಕ್ಕೆ ಬರುತ್ತದೆ. ಅದನ್ನು ತೋರಿಸಿದವಳೂ ದೊಡ್ಡವ್ವನೇ. ತಗೊಳ್ಳುವಾಗ ಎಡಗೈಯನ್ನು ಅಂಚಿಗೆ ಒಡ್ಡಿನಂತೆ ಹಿಡಿದು, ಸೇರನ್ನು ನೆಲಕ್ಕೆ ಒಮ್ಮೆ ಕುಕ್ಕಿ, ಮೇಲೆ ಗೋಪುರ ಏರಿಸಿದಳು. ಕೊಡುವಾಗ ಕಾಳನ್ನು ಮೆಲ್ಲಗೆ ಸುರಿದು, ಅಲುಗಿಸದೆ, ಅಂಗೈಯಿಂದ ತಲೆ ಸವರಿ ಬಿಟ್ಟಳು. ಅದಕ್ಕೇ ಈಗ ಪ್ರತಿ ಪಾತ್ರೆಯನ್ನು ಎರಡು ಥರ ಅಳೆಯುತ್ತೇನೆ, ತಲೆ ಗೀರಿ ಒಮ್ಮೆ, ಗೋಪುರ ಏರಿಸಿ ಒಮ್ಮೆ.

ಊರೂರಿಗೆ ಅಳತೆ ಬೇರೆಯಾಗಿತ್ತು. 1948ರವರೆಗೆ ನಮ್ಮದು ನಿಜಾಮನ ಸೀಮೆ, ತುಂಗಭದ್ರೆಯ ಆಚೆಯ ಬಳ್ಳಾರಿ ಮದ್ರಾಸಿನದು. ಬಳ್ಳಾರಿ ಕಡೆಯ ಬೀಗರು ಕೊಟ್ಟ ಸೇರು ನಮ್ಮ ಎರಡಕ್ಕೂ ಹೊಂದುವುದಿಲ್ಲ. ಇಡೀ ದೇಶಕ್ಕೆ ಕಿಲೋ, ಲೀಟರ್ ತಂದ ಕಾನೂನು 1956ರದು. ಊರಿನ ಕಣಕ್ಕೆ ಅದು ಬರಲು ಇನ್ನೂ ವರ್ಷಗಳು ಹಿಡಿದವು. ಇಂದಿಗೂ ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನೇ ಒದ್ದು ಒಳಗೆ ಬರುತ್ತಾಳೆ, ಕಿಲೋ ಪಾಕೀಟನ್ನಲ್ಲ.

ಇಲ್ಲಿಂದ ದೂರವಲ್ಲದ ಲಿಂಗಸುಗೂರು ಸೀಮೆಯ ಅಮರೇಶ್ವರದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಒಂದು ದಿನ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಸುರಿದು ಬಾ ಎಂದು ತಿರುಗಿ ಕಳಿಸಿದವಳು. ಹನ್ನೆರಡನೆಯ ಶತಮಾನದ ಮಾತು. ಅವಳ ನೆರೆಯ ಸೀಮೆಯಲ್ಲೇ ನಮ್ಮ ಮುತ್ತಜ್ಜ ಈ ಸೇರು ಮಾಡಿಸಿದ. ನನಗೆ ಇದು ಇವತ್ತಿಗೂ ಚುಚ್ಚುತ್ತದೆ.

ಪ್ರತಿ ಪಾತ್ರೆಗೂ ರಟ್ಟಿನ ಚೀಟಿ ಕಟ್ಟಿದ್ದೇನೆ: ಯಾರ ಮನೆಯದು, ಎಷ್ಟು ಹಿಡಿಯುತ್ತದೆ, ಯಾರು ಯಾರಿಗೆ ಅಳೆದರು. ಚೀಟಿಯಲ್ಲಿ ಮುತ್ತಜ್ಜನ ಲೆಕ್ಕ ಬರೆಯುವುದು ಬೇಡ ಎಂದರು ಮನೆಯ ಕೆಲವರು. ಬರೆಯದಿದ್ದರೆ ಅದು ಬರೀ ಹಿತ್ತಾಳೆ, ಗುಜರಿಯವನಿಗೆ ಕೊಟ್ಟದ್ದಕ್ಕೂ ನಾನು ಇಟ್ಟದ್ದಕ್ಕೂ ವ್ಯತ್ಯಾಸವಿಲ್ಲ. ಬರೆದೆ.

ಹೋದ ಸುಗ್ಗಿಯಲ್ಲಿ ಓಣಿಯ ಹಿರಿಯರೊಬ್ಬರು ಬಂದರು. ಅವರ ಅಜ್ಜ ನಮ್ಮ ಮನೆಯಿಂದ ಕಾಳು ಒಯ್ದವರು. ಚೀಟಿ ಓದಿಸಿಕೊಂಡು, ಎರಡೂ ಸೇರಿನೊಳಗೆ ಕೈ ಇಳಿಸಿ ತಳ ಮುಟ್ಟಿದರು. "ನಮ್ಮಜ್ಜ ಹೇಳ್ತಿದ್ದ. ಯಾರೂ ನಂಬಲಿಲ್ಲ," ಅಂದರು. ಆಮೇಲೆ, "ಜ್ವಾಳ ತಾ, ಇನ್ನೊಮ್ಮೆ ಅಳಿ."

ಚೀಲ ಬಿಚ್ಚಿ ದೊಡ್ಡ ಸೇರಿನಿಂದ ಅಳೆದು ಅವರ ಮುಂದೆ ಸುರಿದೆ. ನಮ್ಮ ಕಣದಲ್ಲಿ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ. ಅವರೇ ಎಣಿಸಿದರು: "ಲಾಭ. ಎರಡು. ಮೂರು."