ಗೊಟ್ಟ ಎತ್ತುವ ಮುನ್ನ: ಮಳೆಗಾಲಕ್ಕೆ ಮೊದಲು ಹಸುವಿಗೆ ಜಂತು ಔಷಧಿ ಕುಡಿಸುವುದು ಹೇಗೆ?

ಏಪ್ರಿಲ್ ಕೊನೆ ಬಂತೆಂದರೆ ನಮ್ಮ ಪಶು ಆಸ್ಪತ್ರೆಗೆ ಜಂತುಹುಳು ಔಷಧಿ ಕೇಳಿಕೊಂಡು ಬರುವವರು ಜಾಸ್ತಿ. ಒಯ್ದ ಮೂರ್ನಾಲ್ಕು ದಿನಕ್ಕೆ ಯಾರದ್ದಾದರೂ ಒಂದು ಫೋನ್ ಬರುತ್ತದೆ: "ಡಾಕ್ಟ್ರೇ, ಹಸು ಮೇವು ಬಿಟ್ಟಿದೆ, ಏದುಸಿರು ಬಿಡ್ತಿದೆ." ಹೋಗಿ ನೋಡಿದರೆ ಕೊಳೆತ ವಾಸನೆಯ ಸಿಂಬಳ, ಎದೆಯಲ್ಲಿ ಗೊರಗೊರ ಸದ್ದು. ಔಷಧಿ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿದಿರುತ್ತದೆ. ಹೋದ ವರ್ಷ ದಿನಕ್ಕೆ 14 ಲೀಟರ್ ಕರೆಯುತ್ತಿದ್ದ, ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುವೊಂದು ಹೀಗೇ ನನ್ನ ಕೈಯಲ್ಲಿ ಹೋಯಿತು. ಆ ಮನೆಯ ಅಮ್ಮ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದು ಇನ್ನೂ ಕಣ್ಣ ಮುಂದಿದೆ. ಔಷಧಿ ಸರಿಯಾದದ್ದೇ ಆಗಿತ್ತು. ಕುಡಿಸಿದ ರೀತಿ ತಪ್ಪಾಗಿತ್ತು.

1. ದಿನ ಗೊತ್ತುಮಾಡಿ

ಮೇ ಮೊದಲ ವಾರ ಜಂತು ಔಷಧಿ, ಮೂರನೇ ವಾರ ಗಳಲೆ ರೋಗ (ಗಂಟಲು ಬೇನೆ) ಮತ್ತು ಚಪ್ಪೆ ರೋಗದ (ತೊಡೆ, ಭುಜದ ಮಾಂಸ ಊದುವ ಬೇನೆ) ಲಸಿಕೆ. ಮಳೆ ಹಿಡಿಯುವಷ್ಟರಲ್ಲಿ ಎರಡೂ ಮುಗಿದಿರಲಿ. ಕೊಟ್ಟಿಗೆಯಲ್ಲಿರುವ ಎಲ್ಲಕ್ಕೂ ಒಂದೇ ದಿನ ಕೊಡಿ. ಒಂದನ್ನು ಬಿಟ್ಟರೆ ಅದರ ಸಗಣಿಯಿಂದಲೇ ಹುಲ್ಲಿಗೆಲ್ಲ ಮತ್ತೆ ಹುಳು ಹರಡುತ್ತದೆ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ.

2. ಸಗಣಿ ತನ್ನಿ

ಆಗಷ್ಟೇ ಹಾಕಿದ ಸಗಣಿ, ನೆಲಕ್ಕೆ ತಾಗದ ಭಾಗ, ನಿಂಬೆಹಣ್ಣಿನಷ್ಟು ಸಾಕು. ಒಂದು ಡಬ್ಬಿಯಲ್ಲಿ ಹಾಕಿ ತಂದರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿ ಯಾವ ಹುಳು ಅಂತ ಹೇಳುತ್ತೇವೆ. ಕೆರೆ ಅಂಗಳದಲ್ಲಿ ಮೇಯುವ ದನಕ್ಕೆ ಇದು ಬೇಕೇ ಬೇಕು. ಅಲ್ಲಿನ ಬಸವನಹುಳುಗಳಿಂದ ಯಕೃತ್ತಿನ ಹುಳು ಬರುತ್ತದೆ. ದವಡೆ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿದ್ದಿದ್ದರೆ ಅದೇ ಇರಬಹುದು. ಅದಕ್ಕೆ ಔಷಧಿ ಬೇರೆ.

ಸಂತೆಯಲ್ಲಿ ಕೊಬ್ಬಿದ ಹೋರಿಯ ಚಿತ್ರ ಹಾಕಿ ಮಾರುವ ಬಾಟಲಿ ತರಬೇಡಿ. ಒಳಗೇನಿದೆ, ಎಷ್ಟಿದೆ ಅಂತ ಬರೆದಿಲ್ಲದ ಯಾವುದನ್ನೂ ಹಸುವಿನ ಬಾಯಿಗೆ ಹಾಕಬಾರದು.

3. ತೂಕ ಅಳೆಯಿರಿ

ಟೇಲರ್ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಇಂಚು ನೋಡಿ. ಆಮೇಲೆ ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆವರೆಗೆ ಉದ್ದ ಎಷ್ಟು ಇಂಚು ನೋಡಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 68, ಉದ್ದ 56 ಇದ್ದರೆ ಸುಮಾರು 392 ಕೆ.ಜಿ. ಶೇ 2.5ರ ಅಲ್ಬೆಂಡಜೋಲ್ ಎಂಬ ಜಂತು ಔಷಧಿಯ ದ್ರಾವಣವನ್ನು (ಮಿ.ಲೀ.ಗೆ 25 ಮಿ.ಗ್ರಾಂ) ಕೆ.ಜಿ.ಗೆ 7.5 ಮಿ.ಗ್ರಾಂನಂತೆ ಕೊಡುವುದಾದರೆ 118 ಮಿ.ಲೀ ಬೇಕು. ಕಣ್ಣಂದಾಜಿನಲ್ಲಿ 60 ಮಿ.ಲೀ ಕುಡಿಸಿದರೆ ಹುಳುವೆಲ್ಲ ಸಾಯುವುದಿಲ್ಲ. ಉಳಿದದ್ದು ಆ ಔಷಧಿಗೆ ಹೊಂದಿಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ.

ಗಬ್ಬದ ಹಸುವಾದರೆ ಎಷ್ಟು ತಿಂಗಳು ಅಂತ ಮೊದಲೇ ಹೇಳಿ. ಮೊದಲ ಮೂರು ತಿಂಗಳು ಅಲ್ಬೆಂಡಜೋಲ್ ಬೇಡ, ಕರುವಿಗೆ ತೊಂದರೆ.

4. ಕುಡಿಸುವುದು

ಇಲ್ಲಿ ನಿಧಾನವಾಗಿ ಓದಿ.

ನಮ್ಮೂರುಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಒಬ್ಬರು ಮೂಗುದಾರ ಹಿಡಿದು ತಲೆಯನ್ನು ಆಕಾಶಕ್ಕೆ ಎತ್ತುತ್ತಾರೆ. ಇನ್ನೊಬ್ಬರು ನಾಲಿಗೆ ಹೊರಗೆಳೆಯುತ್ತಾರೆ. ಮೂರನೆಯವರು ಗೊಟ್ಟ (ಔಷಧಿ ಕುಡಿಸುವ ಬಿದಿರಿನ ಕೊಳವೆ) ತುಂಬ ಔಷಧಿಯನ್ನು ಗಂಟಲಿಗೆ ಸುರಿದೇಬಿಡುತ್ತಾರೆ. ಹಸು ನುಂಗುವುದೇ ನಾಲಿಗೆಯಿಂದ. ಅದನ್ನು ಎಳೆದು ಹಿಡಿದರೆ ಹೇಗೆ ನುಂಗೀತು? ನಾವಾದರೂ ತಲೆ ಹಿಂದಕ್ಕೆ ಬಾಗಿಸಿ, ನಾಲಿಗೆ ಹೊರಗಿಟ್ಟು ನೀರು ಕುಡಿಯಲು ಆಗುತ್ತಾ?

ಹಸು ನಿಂತಿರಬೇಕು, ಗಿಡ್ಡವಾಗಿ ಕಟ್ಟಿರಬೇಕು. ಅದರ ಬಲಗಡೆ, ಕುತ್ತಿಗೆಗೆ ಒರಗಿ, ಅದು ನೋಡುವ ಕಡೆಗೇ ಮುಖ ಮಾಡಿ ನಿಲ್ಲಿ. ಎಡಗೈಯನ್ನು ಮುಖದ ಮೇಲಿಂದ ಬಳಸಿ, ಆಚೆ ಬದಿಯ ಬಾಯಿ ಮೂಲೆಗೆ ಬೆರಳು ಹಾಕಿ. ಮುಂದಿನ ಹಲ್ಲು ಮುಗಿದು ದವಡೆ ಹಲ್ಲು ಶುರುವಾಗುವ ನಡುವೆ ಹಲ್ಲಿಲ್ಲದ ಜಾಗ ಸಿಗುತ್ತದೆ. ಅಲ್ಲಿ ಮೆಲ್ಲಗೆ ಒತ್ತಿದರೆ ಬಾಯಿ ತಾನಾಗಿ ತೆರೆಯುತ್ತದೆ. ಮೂಗು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಈಗ ಬಲಗೈಯಿಂದ ಗೊಟ್ಟದ ತುದಿಯನ್ನು ಈಚೆ ಬದಿಯ ಮೂಲೆಯಿಂದ ನಾಲಿಗೆ ಮೇಲಕ್ಕೆ ತನ್ನಿ. ಗಂಟಲಿನವರೆಗೆ ತೂರಿಸಬೇಡಿ.

ಒಂದು ಗುಟುಕು ಹಾಕಿ. ನಿಲ್ಲಿಸಿ. ಗಂಟಲು ಮೇಲೆದ್ದು ಕೆಳಗಿಳಿಯುವುದು ಕಾಣುತ್ತದೆ. ಅದು ಕಂಡ ಮೇಲೆಯೇ ಇನ್ನೊಂದು ಗುಟುಕು. 118 ಮಿ.ಲೀ ಕುಡಿಸಲು ಎರಡು-ಮೂರು ನಿಮಿಷ ಬೇಕು. ಅವಸರವಿದ್ದರೆ ಇವತ್ತು ಬೇಡ, ನಾಳೆ ಮಾಡಿ. ನಡುವೆ ಕೆಮ್ಮಿತೋ, ತಕ್ಷಣ ಎಲ್ಲ ಬಿಟ್ಟು ತಲೆ ಕೆಳಗೆ ಬಿಡಿ. "ಸ್ವಲ್ಪ ಉಳಿದಿದೆ, ಮುಗಿಸಿಬಿಡೋಣ" ಅನ್ನುವ ಆ ಕೊನೆಯ ಗುಟುಕೇ ಹಸುವನ್ನು ಕೊಲ್ಲುವುದು. ಗಾಜಿನ ಬಾಟಲಿ ಬೇಡವೇ ಬೇಡ, ದವಡೆಗೆ ಸಿಕ್ಕರೆ ಪುಡಿಯಾಗುತ್ತದೆ. ಹೊಟ್ಟೆ ಉಬ್ಬರಕ್ಕೆ ಎಣ್ಣೆ ಕುಡಿಸುವವರಂತೂ ಇನ್ನೂ ಹುಷಾರಾಗಿರಿ. ಎಣ್ಣೆ ಶ್ವಾಸನಾಳಕ್ಕೆ ಜಾರಿದರೂ ಹಸು ಕೆಮ್ಮದೇ ಇರಬಹುದು.

ನನ್ನನ್ನು ಕೇಳಿದರೆ ಗೊಟ್ಟಕ್ಕಿಂತ ಗುಳಿಗೆ ವಾಸಿ. ಪುಡಿ ಮಾಡಿ, ಬೆಲ್ಲದ ಜೊತೆ ಮುಷ್ಟಿಯಷ್ಟು ರಾಗಿ ಮುದ್ದೆಯೊಳಗೆ ಇಟ್ಟು, ಬೆಳಿಗ್ಗೆ ಮೇವು ಹಾಕುವ ಮೊದಲು ತಿನ್ನಿಸಿ. ನನ್ನ ಮನೆಯ ಹಸುಗಳಿಗೆ ಹೀಗೇ ಕೊಡುವುದು. ಗೋದಲಿಯಲ್ಲಿ ಉಗುಳಿದೆಯಾ ಅಂತ ಒಮ್ಮೆ ನೋಡಿದರೆ ಆಯಿತು.

ಇವುಗಳಿಗೆ ಮಾತ್ರ ಬಾಯಿಂದ ಏನನ್ನೂ ಹಾಕಬೇಡಿ: ಮಲಗಿ ಏಳಲಾಗದ ಹಸು, ಕರು ಹಾಕಿ ಹಾಲು ಜ್ವರ (ಕ್ಯಾಲ್ಸಿಯಂ ಕೊರತೆ) ಬಂದು ಕುತ್ತಿಗೆ ತಿರುಗಿಸಿಕೊಂಡ ಹಸು, ಜೊಲ್ಲು ಸುರಿಸುತ್ತಾ ನುಂಗಲಾಗದೆ ಒದ್ದಾಡುವ ಹಸು. ಕೊನೆಯದನ್ನು ನೋಡಿ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಎಷ್ಟೋ ಜನ ಬರಿಗೈ ಹಾಕುತ್ತಾರೆ. ಅದು ಹುಚ್ಚುನಾಯಿ ಕಡಿತದ ರೇಬಿಸ್ ಆಗಿರಬಹುದು. ಆಗಲೇ ಕೈ ಹಾಕಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ.

5. ಆಮೇಲೆ

ಎಷ್ಟು ದಿನದ ಹಾಲು ಬಳಸಬಾರದು ಅಂತ ಲೇಬಲ್ ಮೇಲೆ ಇರುತ್ತದೆ. ಅಷ್ಟು ದಿನ ಡೈರಿಗೂ ಹಾಕಬೇಡಿ, ಮನೆ ಮಕ್ಕಳಿಗೂ ಕೊಡಬೇಡಿ.

ಕುಡಿಸಿದ ಎರಡು ದಿನ ಹಸುವಿನ ಮೇಲೆ ಕಣ್ಣಿರಲಿ. ಕೆಮ್ಮು, ಏದುಸಿರು, ಜ್ವರ, ಮೂಗಿನಲ್ಲಿ ನೊರೆ, ಇವುಗಳಲ್ಲಿ ಒಂದು ಕಂಡರೂ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಡಾಕ್ಟರನ್ನು ಕರೆಸಿ. ಮೂರನೇ ದಿನದವರೆಗೆ ಕಾಯಬೇಡಿ. ಏನು ಕುಡಿಸಿದಿರಿ, ಎಷ್ಟು ಹೊತ್ತಿಗೆ, ಕೆಮ್ಮಿತಾ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ನಾವು ಬೈಯುವುದಿಲ್ಲ. ಖಾಲಿ ಬಾಟಲಿಯನ್ನು ತಿಪ್ಪೆಗೆ ಎಸೆಯದೆ ನಮಗೆ ತೋರಿಸಲು ಇಟ್ಟಿರಿ.