ಒಲೆ ಬದಿಯ ಪುಸ್ತಕದ ಹಲಗೆ

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಮೂರು ವರ್ಷದ ಹಿಂದೆ ಮಗನ ಕೋಣೆಯ ಕಪಾಟಿನಿಂದ ಕಥೆಪುಸ್ತಕ ತೆಗೆದರೆ ಹಾಳೆಗೆ ಹಾಳೆ ಅಂಟಿಕೊಂಡಿತ್ತು. ತಿಂಗಳಿಂದ ಅವನು ಒಂದನ್ನೂ ಮುಟ್ಟಿಲ್ಲ ಅಂತ ಆಗಲೇ ಗೊತ್ತಾಗಿದ್ದು. ದಿನಾ ಬಿಡಿಸಿ ನೋಡಿದ್ದರೆ ಅಂಟುತ್ತಿರಲಿಲ್ಲ, ಅಲ್ವಾ?

ಉಳಿದ ಪುಸ್ತಕಗಳನ್ನು ಅಡುಗೆಮನೆಗೆ ತಂದೆ. ನೀರು ಕಾಯಿಸುವ ಸೌದೆ ಒಲೆಯ ಹಿಂದಿನ ಗೋಡೆ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಅಲ್ಲಿ ಅವನ ಕೈಗೆ ಎಟಕುವಷ್ಟು ಎತ್ತರಕ್ಕೆ ಒಂದು ಹಲಗೆ ಹೊಡೆಸಿ, ಮುಖಪುಟ ಕಾಣುವ ಹಾಗೆ ಜೋಡಿಸಿದೆ. ನನಗೆ ಆಗ ಇದ್ದದ್ದು ಬೂಷ್ಟಿನ ಚಿಂತೆ ಮಾತ್ರ. ಆದರೆ ಮಳೆಗಾಲದ ಸಂಜೆ ಮನೆಯವರೆಲ್ಲ ಸೇರುವುದೇ ಒಲೆ ಬದಿಯಲ್ಲಿ. ಗಾಳಿಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಟಿವಿ ಇಲ್ಲ, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಕೈಗೆ ಸಿಗುವುದು ಪುಸ್ತಕವೇ.

ನಾನು ಜೋರಾಗಿ ಓದಲು ಶುರು ಮಾಡಿದೆ. ಮನೆಯಲ್ಲಿ ನಾವು ಆಡುವುದು ಅರೆಭಾಷೆ, ಅಂದರೆ ಈ ಕಡೆಯ ಒಂದು ಬಗೆಯ ಕನ್ನಡ. ಅವನ ಶಾಲೆ ಇಂಗ್ಲಿಷ್ ಮೀಡಿಯಂ. ಪುಸ್ತಕದ ಕನ್ನಡ ಅವನ ಕಿವಿಗೆ ಸ್ವಲ್ಪ ದೂರ. ಹಾಗಾಗಿ ಒಂದು ಪುಟ ಓದಿ, ಅದನ್ನೇ ಅರೆಭಾಷೆಯಲ್ಲಿ ಹರಟುತ್ತಿದ್ದೆ. ಮೊದಲೆಲ್ಲ ಸಾಲಿಗೊಂದು ಪ್ರಶ್ನೆ ಕೇಳುತ್ತಿದ್ದೆ. ಇದು ಯಾವ ಅಕ್ಷರ, ಕಥೆಯ ನೀತಿ ಏನು ಅಂತ. ಅವನ ಮುಖ ಸಪ್ಪಗಾಗುತ್ತಿತ್ತು. ಆ ಪ್ರಶ್ನೆಗಳನ್ನು ಪೂರ್ತಿ ಬಿಟ್ಟೆ. ಅವನೇ ಓದಲು ಹೋಗಿ ಎಲ್ಲಾದರೂ ತಡವರಿಸಿದರೆ ಆ ಶಬ್ದ ನಾನೇ ಹೇಳಿ ಮುಂದೆ ಹೋಗುತ್ತಿದ್ದೆ. ಒಂದು ಏಡಿಯ ಕಥೆಯನ್ನು ಒಂದೇ ಮಳೆಗಾಲದಲ್ಲಿ ಎಷ್ಟು ಸಲ ಓದಿಸಿಕೊಂಡನೋ ಲೆಕ್ಕವಿಲ್ಲ. ನಾನು ಬೇಡ ಅನ್ನಲಿಲ್ಲ. ಬಾಯಿಪಾಠವಾದ ಕಥೆಯಲ್ಲೇ ಅವನು ಅಕ್ಷರ ಗುರುತು ಹಿಡಿದದ್ದು.

ಪುಸ್ತಕಕ್ಕೆ ಜಾಸ್ತಿ ಖರ್ಚು ಮಾಡಿಲ್ಲ. ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕರೆಂಟ್ ಇದ್ದ ದಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಿಂದ ಕನ್ನಡ ಕಥೆ ಇಳಿಸಿಕೊಳ್ಳುತ್ತೇನೆ, ಅದಕ್ಕೂ ದುಡ್ಡಿಲ್ಲ. ಅಲ್ಲಿ ಓದಿನ ಹಂತ 1ರಿಂದ 4ರವರೆಗೆ ಗುರುತು ಹಾಕಿರುತ್ತಾರೆ. ಶುರುವಿಗೆ 1 ಸಾಕು.

ಒತ್ತಕ್ಷರ ಮಾತ್ರ ಬಹಳ ಕಾಡಿತು. ಅದನ್ನು ಬಿಡಿಸಿದ್ದು ನಮ್ಮ ಮಾವ, ಅಂದರೆ ಅವನ ಅಜ್ಜ. ಕಾಫಿ ತೋಟದವರಿಗೆ ಮಳೆ ಲೆಕ್ಕ ಅಂದರೆ ಜೀವ. ಮಾವ ದಿನಾ ಬೆಳಿಗ್ಗೆ ಅಂಗಳದ ಮಾಪಕ ನೋಡಿ, ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರನೇ ಭಾಗ) ಅಂತ ಡೈರಿಯಲ್ಲಿ ಬರೆಯುತ್ತಾರೆ. ಆಮೇಲೆ ಪೇಪರಿನಲ್ಲಿ ಹೋಬಳಿವಾರು ಮಳೆ ವಿವರ ಹುಡುಕುತ್ತಾರೆ. ಒಂದು ದಿನ ಕನ್ನಡಕ ಸಿಗದೆ, "ಓದು ಮಗ" ಅಂತ ಪೇಪರ್ ಇವನ ಕೈಗೆ ಕೊಟ್ಟರು. ಅಮ್ಮತ್ತಿ, ಶಾಂತಳ್ಳಿ, ಸುಂಟಿಕೊಪ್ಪ, ಕೊಡ್ಲಿಪೇಟೆ, ಶ್ರೀಮಂಗಲ. ನೋಡಿ, ಒತ್ತಕ್ಷರವಿಲ್ಲದ ಊರೇ ಕಡಿಮೆ! ಎಲ್ಲ ಬಸ್ಸಿನ ಬೋರ್ಡಿನಲ್ಲಿ ನೋಡಿದ, ನೆಂಟರ ಬಾಯಲ್ಲಿ ಕೇಳಿದ ಹೆಸರುಗಳು. ಬೆರಳಿಟ್ಟುಕೊಂಡು ಓದಿದ. 'ಮ್ಮ', 'ತ್ತಿ' ಅವನಿಗೆ ಅಮ್ಮತ್ತಿಯಲ್ಲೇ ಬಂತು. ಅವತ್ತಿಂದ ಆ ಕೆಲಸ ಅವನದೇ ಆಯಿತು. ಮಾವನ ಕನ್ನಡಕ ಮಧ್ಯಾಹ್ನವೇ ಸಿಕ್ಕಿತ್ತು. ಅವರು ಅದನ್ನು ಯಾರಿಗೂ ಹೇಳಲಿಲ್ಲ.

ಈ ಜುಲೈಯ ಒಂದು ಬೆಳಿಗ್ಗೆ ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಮಗ ಒಲೆ ಬದಿ ಕೂತು ಮಳೆ ಪಟ್ಟಿ ಓದಿ ಮುಗಿಸಿದ. "ಅಜ್ಜ, ಭಾಗಮಂಡಲಕ್ಕಿಂತ ನಮ್ಮಲ್ಲೇ ಜಾಸ್ತಿ" ಅಂದ. ಪೇಪರ್ ಮಡಚುತ್ತಾನೆ ಅಂದುಕೊಂಡೆ. ಇಲ್ಲ, ಬೆರಳು ಪಕ್ಕದ ಸುದ್ದಿಗೆ ಹೋಯಿತು. ತೋಟಕ್ಕೆ ಆನೆ ನುಗ್ಗಿದ ಸುದ್ದಿ. ನಿಧಾನಕ್ಕೆ, ತುಟಿ ಅಲ್ಲಾಡಿಸುತ್ತಾ ಓದತೊಡಗಿದ. ಏನು ಬರೆದಿದ್ದಾರೆ ಅಂತ ಬಾಯಿತುದಿಗೆ ಬಂದಿತ್ತು. ಕೇಳಲಿಲ್ಲ. ಇನ್ನೊಂದು ರೊಟ್ಟಿ ಕಾವಲಿಗೆ ಹಾಕಿದೆ.